ಭಂಡಾರ ತಾಗದ ಜಾಗ

ಘೋಡಗೇರಿಯ ಸತ್ತೆವ್ವನ ಹೆಗಲ ಮೇಲೆ ಸದಾ ಒಂದು ಕೆಂಪಂಚಿನ ಟವೆಲ್ ಇರುತ್ತದೆ. ಅದು ಬೆವರು ಒರೆಸಿಕೊಳ್ಳಲು ಅಲ್ಲ. ಆಕೆಗೆ ಬೆವರು ಬರುವುದೇ ಇಲ್ಲ, ಆಕೆಯ ಹಿಂದೆ ಓಡಾಡುವವರಿಗೆ ಬರುತ್ತದೆ. ಟವೆಲ್ ಆಕೆಯ ವ್ಯಾಪಾರದ ಸಾಮಾನು. ನಮ್ಮ ಕಡೆಯ ಕುರಿ ಸಂತೆಯಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಕೊಡುವವರು, ಕೊಳ್ಳುವವರು ಟವೆಲ್ಲಿನ ಕೆಳಗೆ ಕೈ ಹಾಕಿ, ಒಬ್ಬರ ಬೆರಳು ಒಬ್ಬರು ಹಿಡಿದು ಮಾತು ಮುಗಿಸುತ್ತಾರೆ. ಸುತ್ತ ನಿಂತವರಿಗೆ ಕಾಣುವುದು ಟವೆಲ್ ಅಲುಗಾಡುವುದಷ್ಟೇ. ಗಂಡ ತೀರಿಕೊಂಡ ಮೇಲೆ ಸತ್ತೆವ್ವ ಈ ವ್ಯಾಪಾರಕ್ಕೆ ಇಳಿದಾಗ, ಹೆಂಗಸಿನ ಟವೆಲ್ಲಿನಡಿ ಕೈ ಹಾಕುವುದು ಹೇಗೆ ಎಂದು ಗಂಡಸರು ಹಿಂದೆಮುಂದೆ ನೋಡಿದರಂತೆ. "ಕುರಿ ನಂದೈತಿ, ಕೈನೂ ನಂದೈತಿ. ತಗೊಳ್ಳಾವ ಇದ್ರ ಹಾಕು, ಇಲ್ಲಂದ್ರ ದಾರಿ ಬಿಡು" ಎಂದು ಆಕೆ ಗದರಿಸಿದ ಮೇಲೆ ಎಲ್ಲರೂ ತೆಪ್ಪಗೆ ಕೈ ಹಾಕತೊಡಗಿದರು.

ಆ ಟವೆಲ್ಲಿಗೆ ಈಗ ಇನ್ನೊಂದು ಕೆಲಸವೂ ಇದೆ. ಅದನ್ನು ಹೇಳುವ ಮುಂಚೆ ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಬಸವಲಿಂಗ. ಮೂಡಲಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಸಿಟ್ಟು ಮಾತ್ರ ಇನ್ನೂ ನಿವೃತ್ತಿಯಾಗಿಲ್ಲ ಎಂದು ಮನೆಯವರ ದೂರು. ನನಗೂ ಸತ್ತೆವ್ವನಿಗೂ ಇರುವ ನಂಟು ಹೊಟ್ಟೆಯದು. ನಮ್ಮಿಬ್ಬರಿಗೂ ಕರುಳಿನ ರೋಗಕ್ಕೆ ಆಪರೇಶನ್ ಮಾಡಿ, ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಹೊರಗೆ ತಂದು ಹೊಲಿದಿದ್ದಾರೆ. ಅದಕ್ಕೆ ಸ್ಟೋಮಾ ಎನ್ನುತ್ತಾರೆ. ಮಲ ಅಲ್ಲಿಂದ ಬಂದು, ಅದರ ಮೇಲೆ ಅಂಟಿಸಿಕೊಂಡ ಚೀಲದಲ್ಲಿ ಬೀಳುತ್ತದೆ. ವಿಷಯ ಇಷ್ಟೇ. ಇದನ್ನು ಇಷ್ಟು ಸಲೀಸಾಗಿ ಬರೆಯುವ ದಿನ ಬರುತ್ತದೆ ಎಂದು ಆಗ ಯಾರಾದರೂ ಹೇಳಿದ್ದರೆ ನಾನು ಅವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಆಸ್ಪತ್ರೆಯಿಂದ ಮನೆಗೆ ಬಂದವನು ಕೋಣೆಯ ಬಾಗಿಲು ಹಾಕಿಕೊಂಡು ಕೂತುಬಿಟ್ಟಿದ್ದೆ. ಊಟವೂ ಒಳಗೇ. ನೆಂಟರು ಬಂದರೆ ನಿದ್ದೆ ಬಂದವನಂತೆ ಮಲಗುತ್ತಿದ್ದೆ. ಒಂದು ದಿನ ಮಧ್ಯಾಹ್ನ ನನ್ನ ಹೆಂಡತಿ ಬಾಳವ್ವ ಯಾರೋ ಅಪರಿಚಿತ ಹೆಂಗಸನ್ನು ಸೀದಾ ಕೋಣೆಯೊಳಗೇ ಕರೆತಂದಳು.

"ಊಟಾ ಆತೇನ್ರಿ ಮಾಸ್ತರ್ರ?" ಎಂದು ಆಕೆ ಕೇಳಿದಳು.

"ನೀವ್ಯಾರು?"

"ನಾನೂ ನಿಮ್ಮಂಗ ಚೀಲದಾಕಿನ ಅದೇನ್ರಿ. ಆಸ್ಪತ್ರಿ ನರ್ಸಬಾಯಿ ದಾನೇಶ್ವರಿ ಹೇಳಿ ಕಳಿಸ್ಯಾಳ."

ನಾನು ಬಾಳವ್ವನನ್ನು ದುರುಗುಟ್ಟಿ ನೋಡಿದೆ. ಆಕೆ ಕಿಟಕಿಯ ಕಡೆ ನೋಡಿದಳು. ಸತ್ತೆವ್ವ ನೆಲದ ಮೇಲೆ ಕೂತು, ಹೆಗಲ ಟವೆಲ್ ತೆಗೆದು ಹೊಟ್ಟೆಯ ಮೇಲೆ ಹರವಿಕೊಂಡಳು. "ಅಕ್ಕ ಅಂತ ತಿಳ್ಕೊಂಡು ಕೈ ತರ್ರಿ" ಎಂದಳು. ನಾನು ತರಲಿಲ್ಲ. ಬಾಳವ್ವನೇ ನನ್ನ ಕೈ ಹಿಡಿದು ಟವೆಲ್ಲಿನಡಿ ನೂಕಿದಳು. ಸೀರೆಯ ಮೇಲಿಂದಲೇ ಬೆರಳಿಗೆ ಚೀಲ ಸಿಕ್ಕಿತು.

"ಬೆಚ್ಚಗ ಐತೋ ಇಲ್ಲೋ?"

"ಐತಿ."

"ಜೀವ ಇದ್ದದ್ದು ಬೆಚ್ಚಗಿರತೈತಿ. ನಾ ಮುಂಜಾನಿ ರೊಟ್ಟಿ, ಪುಂಡಿಪಲ್ಲೆ ತಿಂದು, ಎರಡ ಬಸ್ ಬದಲಿ ಮಾಡಿ ಬಂದೇನಿ. ನಿಮಗ ಬಾಗಿಲ ದಾಟಿ ಕಟ್ಟಿಗಿ ಬರಾಕ ಏನ್ ಧಾಡಿ ಆಗೇತ್ರಿ?"

ಕಲಿಸುವ ಕಾಲದಲ್ಲಿ ಈ ಪ್ರಶ್ನೆಯನ್ನು ನಾನು ಎಷ್ಟು ಹುಡುಗರಿಗೆ ಕೇಳಿದ್ದೆನೋ. ಎದ್ದು ಕಟ್ಟೆಯ ಮೇಲೆ ಹೋಗಿ ಕೂತೆ. ಬಾಳವ್ವ ಒಳಗಿನಿಂದ ಚಹಾ ತಂದಾಗ ಅವಳ ಕಣ್ಣು ಒದ್ದೆಯಾಗಿತ್ತು. ಬಿಸಿಲು ಬಹಳ ಚೆನ್ನಾಗಿತ್ತು ಎಂದು ನೆನಪು.

ಸತ್ತೆವ್ವ ಹುಟ್ಟಾ ಹೀಗೇ ಗಟ್ಟಿ ಎಂದು ತಿಳಿಯಬೇಡಿ. ಆಕೆಗೆ ಆಪರೇಶನ್ ಆದದ್ದು ತುರ್ತಿನಲ್ಲಿ, ಜೀವ ಉಳಿಸುವ ಗಡಿಬಿಡಿಯಲ್ಲಿ. ಎಚ್ಚರಾಗಿ ನೋಡಿಕೊಂಡರೆ ಹೊಟ್ಟೆಯ ಮೇಲೆ ಚೀಲ. ಅದೂ ಸೀರೆಯ ಗಂಟು ಬೀಳುವ ಜಾಗದಲ್ಲೇ. ತಿಂಗಳುಗಟ್ಟಲೆ ಆಕೆ ಬೀರಪ್ಪನ ಗುಡಿಗೆ ಹೋಗಲಿಲ್ಲ, ಸಂತೆಗೆ ಹೋಗಲಿಲ್ಲ. ಕೊನೆಗೆ ಕುರಿಗಳೇ ಆಕೆಯನ್ನು ಹೊರಗೆ ಎಳೆದವು. ಮರಿ ಮಾರುವ ಹೊತ್ತು ಬಂದಿತ್ತು. ಚೀಲದ ಸುತ್ತ ಚರ್ಮ ಕೆಂಪಾಗಿ ಉರಿಯುತ್ತಿತ್ತು. ಕುರಿಗೆ ಗಾಯವಾದರೆ ಏನು ಹಚ್ಚುತ್ತಾರೋ ಅದನ್ನೇ ತನಗೂ ಹಚ್ಚಿಕೊಂಡಳು. ಅರಿಶಿನ ಕಲಸಿದ ಬೇವಿನ ಎಣ್ಣೆ, ಅದೂ ಧಾರಾಳವಾಗಿ. ಅದರ ಮೇಲೆ ಚೀಲ ಅಂಟಿಸಿ ಸಂತೆಗೆ ಹೊರಟಳು. ಎಣ್ಣೆಯ ಮೇಲೆ ಅಂಟು ಎಷ್ಟು ಹೊತ್ತು ನಿಂತೀತು? ಒಳ್ಳೆಯ ಟಗರಿಗೆ ಟವೆಲ್ಲಿನಡಿ ಮಾತು ಕುದುರುವ ಹೊತ್ತಿಗೆ ಸರಿಯಾಗಿ ಚೀಲ ಜಾರಿ ಕಾಲಬುಡಕ್ಕೆ ಬಿತ್ತು.

"ಆವಾಗ ಏನ್ ಮಾಡಿದಿ?" ಎಂದು ನಾನು ಕೇಳಿದ್ದೆ.

"ಟಗರ ಹೇತೈತಿ ಅಂದ್ನ್ರಿ" ಎಂದು ಸತ್ತೆವ್ವ ಹೇಳಿದಳು. "ಪಾಪ, ಟಗರ ನನ್ನ ಮಾರಿ ನೋಡಿತು."

ಆ ದಿನ ಮನೆಗೆ ಹೋಗಿ ಅಳುತ್ತ ಕೂತವಳಿಗೆ ಟಗರಿನ ಮುಖ ನೆನಪಾಗಿ ನಗು ಬಂತಂತೆ. ಮೊದಲ ಸಲ ನಕ್ಕದ್ದು ಅವತ್ತೇ. ಮರುದಿನ ಸಂಕೇಶ್ವರದ ಆಸ್ಪತ್ರೆಗೆ ಹೋಗಿ ದಾನೇಶ್ವರಿಯ ಮುಂದೆ ಕೂತಳು. ಎಣ್ಣೆ ಹಚ್ಚಬಾರದು, ನೀರಿನಿಂದ ತೊಳೆದು ಒಣಗಿಸಿ ಅಂಟಿಸಬೇಕು, ತೂತನ್ನು ಅಳತೆಗೆ ಸರಿಯಾಗಿ ಕತ್ತರಿಸಬೇಕು ಎಂದೆಲ್ಲ ಕಲಿತಳು. ಕಲಿತದ್ದನ್ನು ತನ್ನ ಹೊಟ್ಟೆಯೊಳಗೇ ಇಟ್ಟುಕೊಳ್ಳುವ ಜಾಯಮಾನ ಆಕೆಯದಲ್ಲ. ಹೊಸಬರ ಮನೆ ಹುಡುಕಿಕೊಂಡು ಹೋಗತೊಡಗಿದಳು.

ನನ್ನ ಹತ್ತಿರ ಹಳೆಯ ಓಮ್ನಿ ಗಾಡಿಯಿದೆ ಎಂದು ತಿಳಿದದ್ದೇ ತಡ, ಆಕೆ ಬಸ್ಸು ಬಿಟ್ಟಳು. ಗೋಕಾಕ, ಮೂಡಲಗಿ, ಹುಕ್ಕೇರಿ ಎಂದು ನಾನು ಸಾರಥಿಯಾಗಿ ತಿರುಗಿದ್ದೇ ತಿರುಗಿದ್ದು. ಸಾರಥಿಯ ಕೆಲಸ ಮಾತ್ರವಾಗಿದ್ದರೆ ಪರವಾಗಿರಲಿಲ್ಲ. ಹೆಂಗಸರ ಕೈಯನ್ನು ಆಕೆ ತನ್ನ ಟವೆಲ್ಲಿನಡಿ ತೆಗೆದುಕೊಳ್ಳುತ್ತಿದ್ದಳು. ಗಂಡಸರು ನಾಚಿಕೊಂಡರೆ, "ಮಾಸ್ತರ್ರ, ಹೊಟ್ಟಿ ಕೊಡ್ರಿ" ಎಂದು ಟವೆಲ್ಲನ್ನು ನನ್ನ ಮೇಲೆ ಎಸೆಯುತ್ತಿದ್ದಳು. ಹೀಗೆ ಮೂರು ತಾಲೂಕಿನ ಗಂಡಸರು ನನ್ನ ಹೊಟ್ಟೆ ಮುಟ್ಟಿ ಧೈರ್ಯ ತಂದುಕೊಂಡಿದ್ದಾರೆ. ಒಬ್ಬನಂತೂ ಹೋಗುವಾಗ ನಮಸ್ಕಾರವನ್ನೂ ಹೊಟ್ಟೆಗೇ ಮಾಡಿ ಹೋದ.

ಬರುಬರುತ್ತ ತಿಂಗಳಿಗೊಂದು ರವಿವಾರ ನಾವೆಲ್ಲ ಯಾರದಾದರೂ ಊರಲ್ಲಿ ಕೂಡತೊಡಗಿದೆವು. ಎಲ್ಲರೂ ಬುತ್ತಿ ತರುತ್ತಾರೆ. ಚೀಲಕ್ಕೆ ನಾವು ಇಟ್ಟ ಹೆಸರು ಚಂಚಿ. ಹಿರಿಯರು ಎಲೆ ಅಡಿಕೆ ಇಟ್ಟು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಬಟ್ಟೆಯ ಚೀಲದ ಹೆಸರು ಅದು. "ಚಂಚಿ ಬದಲಿ ಮಾಡಿ ಬರ್ತೇನಿ" ಎಂದು ಹೇಳಿ ಏಳುವುದು ಎಷ್ಟು ಸುಲಭ. ಸ್ಟೋಮಾ ತನಗೆ ತಿಳಿದಾಗ ಸದ್ದು ಮಾಡುತ್ತದೆ, ಅದಕ್ಕೆ ಯಾರ ಅಂಕೆಯೂ ಇಲ್ಲ. ಹೊರಗೆ ಹೀಗಾದರೆ ನಾವು ಭೂಮಿಗೆ ಇಳಿದುಹೋಗುತ್ತೇವೆ. ನಮ್ಮ ಕೂಟದಲ್ಲಿ ಮಾತ್ರ ಯಾರದಾದರೂ ಹೊಟ್ಟೆ ಸದ್ದು ಮಾಡಿದರೆ, "ಅಧ್ಯಕ್ಷರ ಭಾಷಣ ಮುಗೀತು" ಎಂದು ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಹೊಸಬರು ಮೊದಲ ಸಲ ಮನಸಾರೆ ನಗುವುದು ಸಾಮಾನ್ಯವಾಗಿ ಈ ಚಪ್ಪಾಳೆಗೇ.

ಇಂಥ ಸತ್ತೆವ್ವ ಬಾಯಿಗೆ ಬೀಗ ಹಾಕಿಕೊಂಡದ್ದನ್ನು ನಾನು ನೋಡಿದ್ದು ಒಂದೇ ಸಲ, ನಾಗನೂರಿನ ಲಕ್ಕಪ್ಪನ ಮನೆಯಲ್ಲಿ.

ಲಕ್ಕಪ್ಪ ಕುರುಬರ ಪೈಕಿ. ಹೊಲವಿದೆ, ಕುರಿಗಳಿವೆ. ಆದರೆ ಊರು ಅವನನ್ನು ಗುರುತಿಸುವುದು ಡೊಳ್ಳಿನಿಂದ. ಬೀರಪ್ಪನ ಗುಡಿಯ ದೊಡ್ಡ ಡೊಳ್ಳು ತಂದೆಯಿಂದ ಅವನ ಹೆಗಲಿಗೆ ಬಂದಿತ್ತು. ಗುದದ ಹತ್ತಿರ ಗಡ್ಡೆಯಾಗಿದೆ, ಕ್ಯಾನ್ಸರ್, ಬೇಗ ಆಪರೇಶನ್ ಮಾಡಿದರೆ ಉಳಿಯುತ್ತಾನೆ, ಆದರೆ ಸ್ಟೋಮಾ ಕಾಯಂ ಎಂದು ಸಂಕೇಶ್ವರದ ಡಾಕ್ಟರು ಹೇಳಿದ್ದರು. ಲಕ್ಕಪ್ಪ ಒಲ್ಲೆ ಎಂದುಬಿಟ್ಟಿದ್ದ. ಕಾರಣ ಹೇಳುತ್ತಿರಲಿಲ್ಲ. ಅವನ ಹೆಂಡತಿ ಶೆಟ್ಟೆವ್ವ ಕಂಗಾಲಾಗಿ ನಮಗೆ ಫೋನ್ ಮಾಡಿದ್ದಳು.

ನಾವು ಹೋದೆವು. ಟವೆಲ್ ನನ್ನ ಮೇಲೆ ಬಿತ್ತು. ಲಕ್ಕಪ್ಪ ಕೈ ಹಾಕಿ, ಚೀಲವನ್ನು ಸುತ್ತಲೂ ಮುಟ್ಟಿ ನೋಡಿ, ಕೈ ತೆಗೆದ.

"ಇದರ ಬಗ್ಗೆ ನನಗ ಅಂಜಿಕಿಲ್ರಿ ಮಾಸ್ತರ್ರ" ಎಂದ.

"ಮತ್ಯಾಕ ಒಲ್ಲಿ ಅಂತೀ ತಮ್ಮಾ?" ಸತ್ತೆವ್ವ ಕೇಳಿದಳು.

ಲಕ್ಕಪ್ಪ ಗೂಟಕ್ಕೆ ತೂಗುಹಾಕಿದ್ದ ಡೊಳ್ಳನ್ನು ತೋರಿಸಿದ. ಮನೆಯೊಳಗಿನ ಅರ್ಧ ಗೋಡೆಯನ್ನು ಅದೇ ನುಂಗಿತ್ತು. "ಚೀಲ ಹೊಟ್ಟಿ ಮ್ಯಾಲ. ಡೊಳ್ಳೂ ಹೊಟ್ಟಿ ಮ್ಯಾಲ. ಡೊಳ್ಳ ಎಲ್ಲಿ ಇಡ್ಲಿ ಅಕ್ಕಾ? ನಮ್ಮಪ್ಪ ಸಾಯೂ ವರ್ಷನೂ ಬೀರಪ್ಪನ ಮುಂದ ಬಾರಿಸ್ಯಾನ. ನಾ ಮೂಲಿಗಿ ಕುಂತು, ಮಂದಿ ಬಾರಸೂದು ಕೇಳಬೇಕೇನು? ಅಂಥಾ ಬಾಳೇ ನನಗ ಬ್ಯಾಡ."

ಶೆಟ್ಟೆವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಒಂದು ವಾದ್ಯಕ್ಕಾಗಿ ಜೀವ ಬಿಡುತ್ತೀಯಾ ಎಂದು ನನಗೆ ಸಿಟ್ಟು ನೆತ್ತಿಗೇರಿತ್ತು. ಸತ್ತೆವ್ವನ ಬಾಯಿಂದ ಒಳ್ಳೆಯ ಬೈಗುಳ ಬರುತ್ತದೆ ಎಂದು ಕಾದೆ. ಆಕೆ ಡೊಳ್ಳನ್ನೇ ನೋಡುತ್ತ ಕೂತಳು. ಚಹಾ ಆರಿತು. ಏನೂ ಹೇಳದೆ ಎದ್ದು ಬಂದು ಗಾಡಿ ಹತ್ತಿದಳು.

ಘಟಪ್ರಭಾ ದಾಟಿದ ಮೇಲೆ ತಾನೇ ಕೇಳಿದಳು. "ಮಾಸ್ತರ್ರ, ಚಂಚಿ ಎಲ್ಲಿ ಇಡಬೇಕು ಅಂತ ಯಾರ ಠರಾಯಿಸ್ತಾರ್ರಿ?"

"ಡಾಕ್ಟರು."

"ನನ್ನ ಕೇಳಾಕ ಅವರಿಗೆ ಹೊತ್ತಿರ್ಲಿಲ್ಲ, ಖರೆ. ನಾ ಎಚ್ಚರನೂ ಇರ್ಲಿಲ್ಲ. ಲಕ್ಕಪ್ಪ ಎಚ್ಚರ ಅದಾನಲ್ಲ?"

ಗಾಡಿಯಿಂದಲೇ ದಾನೇಶ್ವರಿಗೆ ಫೋನ್ ಹಚ್ಚಿದಳು. ತುರ್ತು ಇಲ್ಲದಿದ್ದರೆ ಆಪರೇಶನ್ನಿನ ಮುಂಚೆ ಜಾಗ ಗುರುತು ಮಾಡುತ್ತೇವೆ, ನಿಲ್ಲಿಸಿ, ಕೂರಿಸಿ, ಬಗ್ಗಿಸಿ ನೋಡಿ ಶಾಯಿಯಿಂದ ಗುರುತು ಹಾಕುತ್ತೇವೆ ಎಂದು ದಾನೇಶ್ವರಿ ಹೇಳಿದಳು. "ದಿನಾ ಉಡೂ ಅರಿವಿ ತಗೊಂಡ ಬರಾಕ ಹೇಳ್ರಿ. ಧೋತರ ಎಲ್ಲಿ ಕಟ್ತಾರ ನೋಡಬೇಕಾಗತೈತಿ."

"ಧೋತರ ಅಷ್ಟ ಯಾಕ?" ಎಂದಳು ಸತ್ತೆವ್ವ. "ಡೊಳ್ಳೂ ತರ್ತೇವಿ."

ಆ ಕಡೆಯಿಂದ ದಾನೇಶ್ವರಿ ನಕ್ಕು, "ಡಾಕ್ಟರಿಗೆ ಹೇಳ್ತೇನಿ, ತರ್ರಿ" ಎಂದಳು.

"ಆಪರೇಶನ್ ಮಾಡಸ್ಕೋ ಅಂತ ನಾ ಹೇಳೂದಿಲ್ಲ. ಜಾಗಾ ನೋಡಿ ಬರೂಣು ನಡಿ" ಎಂದು ಸತ್ತೆವ್ವ ಮತ್ತೆ ನಾಗನೂರಿಗೆ ಹೋಗಿ ಲಕ್ಕಪ್ಪನನ್ನು ಹೊರಡಿಸಿದಳು. ಟಗರು ಕೊಳ್ಳಲು ಬಂದವನಿಗೆ ಕೊಳ್ಳುವ ಮಾತು ಆಮೇಲೆ, ಮೊದಲು ಹಲ್ಲು ನೋಡು ಎನ್ನುವ ಉಪಾಯವೇ ಇದು. ಡೊಳ್ಳನ್ನು ಹೊರಗೆ ಒಯ್ಯುವ ಮುಂಚೆ ಲಕ್ಕಪ್ಪ ಪದ್ಧತಿಯಂತೆ ಅದಕ್ಕೆ ಭಂಡಾರ ಬಳಿದ. ಬೀರಪ್ಪನ ಹೆಸರಲ್ಲಿ ಹಚ್ಚುವ ಅರಿಶಿನದ ಪುಡಿ ಅದು. ಕೈ ತುಂಬ ತೆಗೆದು ಡೊಳ್ಳಿನ ಮೈಗೆಲ್ಲ ಬಳಿದ. ನನ್ನ ಓಮ್ನಿಯ ಸೀಟು ಅಂದು ಹಳದಿಯಾದದ್ದು ಇಂದಿಗೂ ಹೋಗಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಕಾವಲಿನವನು ತಡೆದ. "ಏನ್ರಿ ಇದು?"

"ಪೇಶಂಟ್ ಸಾಮಾನ್ರಿ" ಎಂದು ಸತ್ತೆವ್ವ ನಿಲ್ಲದೆ ನಡೆದಳು.

ಲಿಫ್ಟಿನಲ್ಲಿ ನಮ್ಮ ಮಾನ ಹೋಯಿತು. ಡೊಳ್ಳು ಬಾಗಿಲಿಗೆ ಅಡ್ಡ ಸಿಕ್ಕಿಕೊಂಡಿತು. ಬಾಗಿಲು ಮುಚ್ಚಲು ಬಂದು ಚರ್ಮಕ್ಕೆ ಬಡಿದು ಧಂ ಎನ್ನುತ್ತಿತ್ತು, ಹಿಂದೆ ಸರಿದು ಮತ್ತೆ ಬಂದು ಧಂ ಎನ್ನುತ್ತಿತ್ತು. ಮೇಲಿನ ವಾರ್ಡಿನವರು ಮೆಟ್ಟಿಲಿಗೆ ಓಡಿಬಂದು ಬಗ್ಗಿ ನೋಡತೊಡಗಿದರು. "ತಾಳ ತಪ್ಪಾಕತ್ತೈತಿ" ಎಂದ ಲಕ್ಕಪ್ಪ. ಅನೇಕ ದಿನಗಳಿಂದ ಬಿಗಿದುಕೊಂಡಿದ್ದ ಅವನ ಮುಖದಲ್ಲಿ ಆಗ ನಗು ಹಾಯ್ದುಹೋದದ್ದನ್ನು ಶೆಟ್ಟೆವ್ವ ನೋಡಿದಳು, ನಾನೂ ನೋಡಿದೆ. ಕೊನೆಗೆ ಡೊಳ್ಳನ್ನು ಮೆಟ್ಟಿಲ ಮೇಲೆ ಹೊತ್ತೊಯ್ದೆವು.

ಡಾಕ್ಟರು ಹಸನ್ಮುಖಿ. ಗುಡಿಯಲ್ಲಿ ಹೇಗೆ ನಿಲ್ಲುತ್ತೀಯೋ ಹಾಗೆ ನಿಲ್ಲು ಎಂದರು. ಲಕ್ಕಪ್ಪ ಅಂಗಿ ಕಳಚಿ, ಧೋತರ ಬಿಗಿದು, ಹಗ್ಗ ಹೆಗಲಿಗೇರಿಸಿ ಡೊಳ್ಳನ್ನು ಹೊಟ್ಟೆಗೆ ಒತ್ತಿಕೊಂಡ. ದಾನೇಶ್ವರಿ ಕೂರಿಸಿದಳು, ಬಗ್ಗಿಸಿದಳು, ಪೆನ್ನು ಹಿಡಿದು ಅವನ ಸುತ್ತ ತಿರುಗಿದಳು. ಡೊಳ್ಳು ಹೊಟ್ಟೆಯನ್ನೆಲ್ಲ ಮುಚ್ಚಿತ್ತು, ಎಲ್ಲಿ ತಾಗುತ್ತದೆ, ಎಲ್ಲಿ ತಾಗುವುದಿಲ್ಲ ಎಂಬುದೇ ಕಾಣುತ್ತಿರಲಿಲ್ಲ.

"ನಿಂತಾಗ ಹಿಂಗ. ಕುಣಿಯುವಾಗ ಸರೀತೈತಲ್ಲ?" ಎಂದು ಡಾಕ್ಟರು ಕೇಳಿದರು.

"ಸರೀತೈತ್ರಿ. ಡೊಳ್ಳ ಒಂದ ಕಡೆ ನಿಂದರೂದಿಲ್ಲ."

"ಹಂಗಾದ್ರ ಕುಣೀರಿ. ಕೋಲು ಬ್ಯಾಡ, ಬರೇ ಕೈ. ಬಾಜೂಕ ಪೇಶಂಟ್ ಅದಾರ."

ಆ ಸಣ್ಣ ಕೋಣೆಯಲ್ಲಿ ಲಕ್ಕಪ್ಪ ಕುಣಿದ. ಮೊದಲು ಮೆಲ್ಲಗೆ, ನಾಚುತ್ತ. ಆಮೇಲೆ ಕೈ ಬಿಸಿಯಾಯಿತು, ಕಾಲು ತಾವೇ ಎದ್ದವು. ಬೆರಳಿನ ತುದಿಯಿಂದ ಅಷ್ಟು ಮೃದುವಾಗಿ ಡೊಳ್ಳು ಬಾರಿಸಬಹುದೆಂದು ನನಗೆ ಗೊತ್ತಿರಲಿಲ್ಲ. ಬಾಗಿಲಲ್ಲಿ ಕೈಗೆ ಸಲೈನ್ ಹಚ್ಚಿಕೊಂಡವರೂ ಬಂದು ನಿಂತಿದ್ದರು. ಏದುಸಿರು ಬಿಡುತ್ತ ಅವನು ಡೊಳ್ಳು ಇಳಿಸಿದಾಗ, ಡಾಕ್ಟರು "ಅಲ್ಲೇ ನಿಂದರ್ರಿ, ಒರಸಬ್ಯಾಡ್ರಿ!" ಎಂದು ಕೂಗಿಬಿಟ್ಟರು.

ಲಕ್ಕಪ್ಪನ ಹೊಟ್ಟೆಯೆಲ್ಲ ಹಳದಿ. ಡೊಳ್ಳು ಎಲ್ಲೆಲ್ಲಿ ಉಜ್ಜಿತ್ತೋ ಅಲ್ಲೆಲ್ಲ ಭಂಡಾರ ಮೆತ್ತಿಕೊಂಡಿತ್ತು. ಎಡಗಡೆ ಪಕ್ಕೆಲುಬಿನ ಕೆಳಗೆ, ಅಂಗೈಯಷ್ಟು ಅಗಲ, ಒಂದೇ ಒಂದು ಜಾಗ ಭಂಡಾರ ತಾಗದೆ ಉಳಿದಿತ್ತು. ಇದನ್ನು ನಾವು ಯಾರೂ ಯೋಚಿಸಿ ಮಾಡಿದ್ದಲ್ಲ. ಡಾಕ್ಟರು ಅಲ್ಲಿ ಬೆರಳೊತ್ತಿ, ಕೆಮ್ಮಿಸಿ, ಕೂರಿಸಿ ಮತ್ತೆ ಮತ್ತೆ ನೋಡಿದರು. "ಸ್ನಾಯು ಬರೋಬರಿ ಐತಿ. ಧೋತರ ಇದರ ಕೆಳಗ ಉಳೀತೈತಿ. ಇಲ್ಲಿ ಇಡಬಹುದು" ಎಂದರು. ಆಮೇಲೆ ಬೆರಳೆತ್ತಿ ಎಚ್ಚರಿಸಿದರು. ಗಾಯ ಪೂರ್ತಿ ಮಾಯುವ ತನಕ ಡೊಳ್ಳು ಮುಟ್ಟುವಂತಿಲ್ಲ, ಭಾರ ಎತ್ತಿದರೆ ಕರುಳು ಪಕ್ಕದಲ್ಲಿ ಉಬ್ಬಿ ಬರುತ್ತದೆ. ತಾನು ಹೇಳಿದ ಮೇಲೆಯೇ ಬಾರಿಸಬೇಕು, ಬೆಲ್ಟ್ ಕಟ್ಟಿಕೊಂಡೇ ಬಾರಿಸಬೇಕು, ಅದೂ ಹಗುರವಾದ ಡೊಳ್ಳು.

ದಾನೇಶ್ವರಿ ಆ ಬೋಳು ಜಾಗದ ನಡುವೆ ಶಾಯಿಯ ಗುರುತು ಹಾಕಿದಳು. ಲಕ್ಕಪ್ಪ ತಲೆ ಬಗ್ಗಿಸಿ ಅದನ್ನು ನೋಡಿದ. ಕುಣಿತದ ಉಸಿರು ಇನ್ನೂ ಇಳಿದಿರಲಿಲ್ಲ.

"ಯಾವಾಗ ಮಾಡ್ತೀರ್ರಿ?" ಎಂದ.

ಶೆಟ್ಟೆವ್ವ ಅಲ್ಲೇ ನೆಲಕ್ಕೆ ಕೂತು ಅತ್ತಳು. ನಾನು ಸತ್ತೆವ್ವನ ಕಡೆ ತಿರುಗಿದೆ. ಆಕೆಯ ಕೈ ತನ್ನ ಸೀರೆಯ ಗಂಟಿನ ಮೇಲಿತ್ತು, ಕಣ್ಣು ತುಂಬಿತ್ತು. ತನಗೆ ಸಿಗದೆ ಹೋದದ್ದನ್ನು ಬೇರೆಯವರಿಗೆ ಕೊಡಿಸಿ ಆಕೆ ಅಷ್ಟು ಸಂತೋಷಪಡುತ್ತಿದ್ದಳು.

ಆಪರೇಶನ್ ಚೆನ್ನಾಗಿ ಆಯಿತು. ಲಕ್ಕಪ್ಪ ಚಂಚಿ ಬದಲಿಸುವುದನ್ನು ಕಲಿತ, ಕೂಟಕ್ಕೆ ಬಂದ, ಅಧ್ಯಕ್ಷರ ಭಾಷಣವನ್ನೂ ಮಾಡಿದ. ಚಿಕಿತ್ಸೆಯ ದಿನಗಳಲ್ಲಿ ಸೊರಗಿ ಕಡ್ಡಿಯಾಗಿದ್ದ, ಮತ್ತೆ ಮೈಗೂಡಿದ. ಡಾಕ್ಟರು ಹೂಂ ಎಂದ ಮೇಲೆ ಕಳೆದ ಯುಗಾದಿ ಮುಗಿದ ರವಿವಾರ ನಾವು ನಾಗನೂರಿನ ಬೀರಪ್ಪನ ಗುಡಿಯ ಅಂಗಳದಲ್ಲೇ ಕೂಡಿದೆವು. ಲಕ್ಕಪ್ಪ ಬೆಲ್ಟ್ ಕಟ್ಟಿ ಹೊಸ ಹಗುರ ಡೊಳ್ಳಿಗೆ ಭಂಡಾರ ಬಳಿದು ಹೆಗಲಿಗೇರಿಸಿದ. ನಮ್ಮೆಲ್ಲರ ಚಂಚಿಗಳೂ ಅವನ ಹೊಟ್ಟೆಯ ಮೇಲೇ ಇದ್ದಂತೆ ನಾವು ನಮ್ಮ ನಮ್ಮ ಹೊಟ್ಟೆ ಹಿಡಿದುಕೊಂಡು ಕೂತಿದ್ದೆವು.

ಕೋಲು ಬಿತ್ತು. ಗುಡಿಯ ಪಾರಿವಾಳಗಳು ಎದ್ದವು. ಅವನು ಬಾರಿಸುತ್ತ ಸುತ್ತಿದ, ಕುಪ್ಪಳಿಸಿದ. ಶೆಟ್ಟೆವ್ವ ಚಪ್ಪಾಳೆಯಿಂದ ತಾಳ ಹಿಡಿದಳು. ನಾನು, ಮದುವೆ ಮೆರವಣಿಗೆಯಲ್ಲೂ ಕಾಲು ಎತ್ತದವನು, ಎದ್ದು ಕುಣಿದೆ ಎಂದು ಬಾಳವ್ವ ಹೇಳುತ್ತಾಳೆ. ಇರಬಹುದು. ಡೊಳ್ಳು ಇಳಿಸಿದಾಗ ಬೆಲ್ಟಿನ ಮೇಲೆಲ್ಲ ಹಳದಿ ಮೆತ್ತಿತ್ತು, ಆದರೆ ಚಂಚಿಯ ಹತ್ತಿರ ಬಂದು ನಿಂತಿತ್ತು. ಚಂಚಿಯ ಮೇಲೆ ಒಂದು ಚಿಟಿಕೆಯೂ ಇರಲಿಲ್ಲ. ಸತ್ತೆವ್ವ ಅವನ ಬೆಲ್ಟಿನಿಂದ ಭಂಡಾರ ತೆಗೆದು ಅವನ ಹಣೆಗೆ ಹಚ್ಚಿದಳು. ಆಮೇಲೆ ನನ್ನ ಹಣೆಗೂ ಹಚ್ಚಿದಳು. ನನ್ನ ವಿಭೂತಿಯ ಮೇಲೆ ಅದು ಚೆನ್ನಾಗಿಯೇ ಕೂತಿತು.

ಅಂದು ಹುಕ್ಕೇರಿ ಕಡೆಯ ಮಾಲಿಂಗ ಎಂಬ ಹೊಸಬ ಬಂದಿದ್ದ. ಟ್ರ್ಯಾಕ್ಟರ್ ಓಡಿಸುವವನು, ಮುಂದಿನ ವಾರ ಆಪರೇಶನ್. ಗುಡಿಯ ಕಂಬಕ್ಕೆ ಆತು ಮುಖ ಇಳಿಬಿಟ್ಟು ಕೂತಿದ್ದ. ಸತ್ತೆವ್ವ ಟವೆಲ್ ಕೊಡವಿದಳು. ನಾನು ರೂಢಿಯಂತೆ ಅಂಗಿಯ ಗುಂಡಿ ಬಿಚ್ಚತೊಡಗಿದೆ.

"ನಿಮ್ಮ ಹೊಟ್ಟಿಗಿ ಇವತ್ತ ಸೂಟಿ ಮಾಸ್ತರ್ರ" ಎಂದು ಲಕ್ಕಪ್ಪ ಟವೆಲ್ಲನ್ನು ಕಸಿದುಕೊಂಡು ಮಾಲಿಂಗನ ಮುಂದೆ ಕೂತ. ಖರೆ ಹೇಳಬೇಕೆಂದರೆ ನನಗೆ ತುಸು ಹೊಟ್ಟೆಕಿಚ್ಚಾಯಿತು. ಅದಕ್ಕಿಂತ ಹೆಚ್ಚು ಖುಷಿಯಾಯಿತು.

ಮಾಲಿಂಗ ಟವೆಲ್ಲಿನಡಿ ಕೈ ಹಾಕಿ ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ತಲೆಯೆತ್ತಿ, "ಎಲ್ಲಾ ಖರೆ ಅಣ್ಣಾ. ಆದ್ರ ಟ್ರ್ಯಾಕ್ಟರಿನ ಸ್ಟೇರಿಂಗ್ ಹೊಟ್ಟಿಗಿ ಬಡೀತೈತಲ್ಲ?" ಎಂದ.

ಸತ್ತೆವ್ವ ಗಂಭೀರವಾಗಿ ನನ್ನ ಕಡೆ ತಿರುಗಿದಳು.

"ಮಾಸ್ತರ್ರ, ನೀವು ಲೆಕ್ಕದಾವ್ರು, ಹೇಳ್ರಿ. ಆ ಲಿಫ್ಟಿನ್ಯಾಗ ಟ್ರ್ಯಾಕ್ಟರ್ ಹಿಡೀತೈತೇನ್ರಿ?"